ಲಾರೆನ್ಸ್‌ನ ಅಟ್ಟಗಳಿಂದ ಇಳಿದು ಬಂದ ಸಾಮಾನು

ಆ ಹೆಂಗಸು ಶೂ ಡಬ್ಬಿಯನ್ನು ಎದೆಗವಚಿಕೊಂಡೇ, ನಾನು ಸ್ವಯಂಸೇವೆ ಮಾಡುವ ಹಳೆ ವಸ್ತುಗಳ ಸಂಗ್ರಹದ ಒಳಗೆ ಬಂದರು. ಕೋಟಿನ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. “ಇದರಲ್ಲಿ ಅಂಥದ್ದೇನೂ ಇಲ್ಲ. ಎಸೆಯೋಕೆ ಮನಸ್ಸು ಬರಲಿಲ್ಲ, ಅದಕ್ಕೇ ತಂದಿದೀನಿ” ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಡಲು ಸಿದ್ಧರಾದರು.

ಮುಚ್ಚಳ ತೆಗೆದೆ. ಒಂದು ಜಪಮಾಲೆ, ಯಾರದೋ ಶವಸಂಸ್ಕಾರದ ದಿನ ಹಂಚಿದ ಪ್ರಾರ್ಥನೆಯ ಚೀಟಿ, ಸಂಬಳದ ಖಾಲಿ ಲಕೋಟೆ, ತಳದಲ್ಲಿ ಅಡ್ಡಲಾಗಿ ಮಲಗಿದ್ದ ಒಂದು ಲಾಳಿ. ಯಂತ್ರದ ಮಗ್ಗದಲ್ಲಿ ಅಡ್ಡನೂಲು ಒಯ್ಯುವ ಲಾಳಿ, ಎರಡೂ ತುದಿಗೆ ಉಕ್ಕಿನ ಮೊನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಈ ಬಟ್ಟೆ ಮಿಲ್ಲುಗಳ ಊರು ಲಾರೆನ್ಸ್‌ನಲ್ಲಿ ಲಾಳಿಗೆ ಬರವಿಲ್ಲ. ನಮ್ಮ ಕಪಾಟಿನಲ್ಲಿ ಆಗಲೇ 30ಕ್ಕೂ ಹೆಚ್ಚಿದ್ದವು. ‘ಇದು ನಮ್ಮಲ್ಲಿದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬದಲಿಗೆ “ಇದು ಯಾರ ಕೈಯಲ್ಲಿತ್ತು?” ಎಂದು ಕೇಳಿದೆ. ಅವರು ಕೂತರು. ಮುಂದಿನ 40 ನಿಮಿಷ ನಾನು ಪೆನ್ಸಿಲ್ ಕೆಳಗಿಡಲಿಲ್ಲ.

ಅವರ ಅಜ್ಜಿ ಇಟಲಿಯಿಂದ ಬಂದವರು, ನೇಯ್ಗೆ ವಿಭಾಗದಲ್ಲಿದ್ದವರು. ಮುದುಕಿಯಾದ ಮೇಲೂ ಸೂಜಿಗೆ ದಾರ ಪೋಣಿಸುವಾಗ ತುಟಿ ಮುಂದೆ ಚಾಚಿ ಸರ್ರನೆ ಗಾಳಿ ಎಳೆದುಕೊಳ್ಳುತ್ತಿದ್ದರಂತೆ. ಮೊಮ್ಮಕ್ಕಳು ಅದನ್ನು ಅಣಕಿಸಿ ನಗುತ್ತಿದ್ದರಂತೆ. ಲಾಳಿಯ ಪಕ್ಕದಲ್ಲಿದ್ದ ಸಣ್ಣ ತೂತನ್ನು ತೋರಿಸಿ ನಾನು ವಿವರಿಸಿದಾಗ ಅವರ ಮುಖ ಬದಲಾಯಿತು. ಹೊಸ ಕಂಡಿಕೆ, ಅಂದರೆ ನೂಲು ಸುತ್ತಿದ ಕಡ್ಡಿ, ಹಾಕಿದಾಗಲೆಲ್ಲ ನೇಕಾರರು ಆ ತೂತಿಗೆ ಬಾಯಿಟ್ಟು ಉಸಿರೆಳೆದು ನೂಲಿನ ತುದಿಯನ್ನು ಹೊರಗೆ ತರುತ್ತಿದ್ದರು. ಒಂದೇ ಲಾಳಿಗೆ ಹಲವರ ಬಾಯಿ. ನೂಲಿನ ಧೂಳು, ಬಣ್ಣ, ಎಣ್ಣೆ ಎಲ್ಲ ಒಳಗೆ ಹೋಗುತ್ತಿತ್ತು, ಜೊತೆಗೆ ಕ್ಷಯದ ಭಯ. ‘ಸಾವಿನ ಮುತ್ತು’ ಎಂದೇ ಅದಕ್ಕೆ ಹೆಸರು. ಮ್ಯಾಸಚೂಸೆಟ್ಸ್ ರಾಜ್ಯ 1911ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿತು. ಅಜ್ಜಿಯ ತುಟಿಗೆ ಅಂಟಿದ ಅಭ್ಯಾಸ ಮಾತ್ರ ಹೋಗಲಿಲ್ಲ. ಆ ಲಾಳಿಯನ್ನು ಉಳಿದವುಗಳಿಂದ ಬೇರೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಅವತ್ತು ಬರೆದುಕೊಂಡ ನಾಲ್ಕು ಪುಟದ ಜೊತೆ.

ನಾನು ದಾವಣಗೆರೆಯವಳು. ಅಪ್ಪ ಹತ್ತಿ ಮಿಲ್ಲೊಂದರ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ರಾತ್ರಿಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆಲ್ಲ ಹತ್ತಿಯ ಬಿಳಿ. ಮಿಲ್ಲು ಮುಚ್ಚಿದ ಮೇಲೆ ಮನೆಯಲ್ಲಿ ಉಳಿದದ್ದು ಪ್ರಾವಿಡೆಂಟ್ ಫಂಡಿನ ಒಂದು ಚೀಟಿ. ಮಿಕ್ಕದ್ದೆಲ್ಲ ಗುಜರಿಗೆ ಹೋಯಿತು, ನಾವೇ ಹಾಕಿದ್ದು. ಮದುವೆಯಾಗಿ ಈ ದೇಶಕ್ಕೆ ಬಂದು, ಗಂಡನ ಕೆಲಸದ ಕಾರಣ ಲಾರೆನ್ಸ್‌ನ ಪಕ್ಕದೂರಿನಲ್ಲಿ ಮನೆ ಮಾಡಿದಾಗ, ಮೆರಿಮ್ಯಾಕ್ ನದಿಯ ದಂಡೆಯುದ್ದಕ್ಕೂ ನಿಂತ ಕೆಂಪು ಇಟ್ಟಿಗೆಯ ಮಿಲ್ಲುಗಳನ್ನು ನೋಡಿ ಎದೆಯಲ್ಲಿ ಏನೋ ಅಲ್ಲಾಡಿತು. ಊರಿನ ಚಿಕ್ಕ ಸಂಗ್ರಹವೊಂದರಲ್ಲಿ ವಾರಕ್ಕೆ ಎರಡು ದಿನ ಸ್ವಯಂಸೇವೆಗೆ ಸೇರಿದ್ದು ಆ ಕಾರಣಕ್ಕೆ. ಇಲ್ಲಿ ಬರೆಯುತ್ತಿರುವುದು ಅಲ್ಲಿ ನನ್ನ ಕೈ ಕಲಿತದ್ದನ್ನು.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಬೋಸ್ಟನ್‌ನಿಂದ ಉತ್ತರಕ್ಕೆ ಒಂದು ಗಂಟೆಯೊಳಗಿನ ದಾರಿ. ಇದು ತಾನಾಗಿ ಬೆಳೆದ ಊರಲ್ಲ, ಮಿಲ್ಲಿಗಾಗಿಯೇ ಕಟ್ಟಿದ ಊರು. ಎಸೆಕ್ಸ್ ಕಂಪನಿ 1845ರಲ್ಲಿ ನದಿಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟು ಹಾಕಲು ಶುರುಮಾಡಿ 1848ರಲ್ಲಿ ಮುಗಿಸಿತು. ಕಾಲುವೆ ತೋಡಿ, ನೀರಿನ ಬಲವನ್ನು ಮಿಲ್ಲುಗಳಿಗೆ ಮಾರಿತು. ಕಂಪನಿಯ ಮುಖ್ಯ ಎಂಜಿನಿಯರ್ ಚಾರ್ಲ್ಸ್ ಸ್ಟಾರೋ ಅವರೇ 1853ರಲ್ಲಿ ನಗರದ ಮೊದಲ ಮೇಯರ್ ಆದರು. ಮೊದಲು ಐರಿಷ್ ಜನ ಬಂದರು. ಆಮೇಲೆ ಜರ್ಮನ್ನರು, ಕೆನಡಾದ ಫ್ರೆಂಚರು, ಇಟಲಿಯವರು, ಪೋಲಿಷರು, ಲಿಥುವೇನಿಯದವರು, ಸಿರಿಯಾ-ಲೆಬನಾನಿನವರು, ಅರ್ಮೇನಿಯನ್ನರು. 1910ರ ಹೊತ್ತಿಗೆ ಸುಮಾರು 86 ಸಾವಿರ ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿದವರು. ‘ವಲಸಿಗರ ನಗರ’ ಎಂಬ ಹೆಸರು ಹಾಗೆ ಬಂತು. 1950ರ ದಶಕದ ಹೊತ್ತಿಗೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ದಕ್ಷಿಣದ ರಾಜ್ಯಗಳಿಗೆ ಹೋದವು. ಮಿಲ್ಲಿನವರು ಇದ್ದ ಅದೇ ಮೂರಂತಸ್ತಿನ ಮರದ ಮನೆಗಳಿಗೆ ಪೋರ್ಟೊ ರಿಕೊದವರು, ಡೊಮಿನಿಕನ್ ಜನ ಬಂದರು. ಈಗ ಊರಿನಲ್ಲಿ ಅವರೇ ಬಹುಪಾಲು.

ಎರ್ತಾ ಡೆಂಗ್ಲರ್ ಎಂಬವರು, ತಾವೇ ಜರ್ಮನಿಯಿಂದ ವಲಸೆ ಬಂದವರು, 1978ರಲ್ಲಿ ಇಲ್ಲಿ ‘ಇಮಿಗ್ರೆಂಟ್ ಸಿಟಿ ಆರ್ಕೈವ್ಸ್’ ಹುಟ್ಟುಹಾಕಿದರು. ಅದು ಇಂದಿನ ಲಾರೆನ್ಸ್ ಹಿಸ್ಟರಿ ಸೆಂಟರ್. ಆ ಸಂಸ್ಥೆ ಎಸೆಕ್ಸ್ ಕಂಪನಿಯ ಹಳೆಯ ಕಟ್ಟಡಗಳಲ್ಲೇ ನೆಲೆಯಾಗಿದೆ. ನೀರು ಮಾರಿದ ಕಂಪನಿಯ ಲೆಕ್ಕದ ಪುಸ್ತಕಗಳೂ, ಆ ನೀರಿನಿಂದ ತಿರುಗಿದ ಮಗ್ಗಗಳ ಮುಂದೆ ನಿಂತವರ ಫೋಟೋಗಳೂ ಒಂದೇ ಸೂರಿನ ಕೆಳಗೆ. ನನ್ನಂಥ ಹೊರಗಿನವಳು ಧೈರ್ಯ ಮಾಡಿದ್ದು ಡೆಂಗ್ಲರ್ ಅವರ ಕಥೆ ಕೇಳಿಯೇ.

ಈಗ ನನ್ನ ತಪ್ಪಿನ ವಿಷಯ. ಸೇರಿದ ಮೊದಲ ವರ್ಷ ಒಂದು ಕುಟುಂಬ ಎರಡು ಕಾಗದದ ಚೀಲದ ತುಂಬ ಫೋಟೋ ಕೊಟ್ಟಿತು. ಕಂದು ಲಕೋಟೆಗಳಲ್ಲಿದ್ದವು. ಕೆಲವು ಲಕೋಟೆ ಹರಿದಿದ್ದವು, ಒಂದೆರಡಕ್ಕೆ ಶಿಲೀಂಧ್ರ ಹಿಡಿದಿತ್ತು. ನಾನು ಚೊಕ್ಕ ಮಾಡುವ ಉತ್ಸಾಹದಲ್ಲಿ ಫೋಟೋಗಳನ್ನೆಲ್ಲ ಹೊರತೆಗೆದು, ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ ಜೋಡಿಸಿ, ಹಳೆ ಲಕೋಟೆಗಳನ್ನು ಕಸದ ಬುಟ್ಟಿಗೆ ಹಾಕಿದೆ. ಮಾರನೆಯ ವಾರ ಒಂದು ಲಕೋಟೆ ಮೇಜಿನ ಕೆಳಗೆ ಬಿದ್ದಿದ್ದು ಸಿಕ್ಕಿತು. ತಿರುಗಿಸಿದರೆ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಬೀದಿಯ ಹೆಸರು, ಮೂವರ ಹೆಸರು. ಉಳಿದ ಲಕೋಟೆಗಳ ಹಿಂದೆಯೂ ಹೀಗೆಯೇ ಬರೆದಿತ್ತು ಎನ್ನುವುದು ಆಗ ತಿಳಿಯಿತು. ಬುಟ್ಟಿ ಖಾಲಿಯಾಗಿ ನಾಲ್ಕು ದಿನ ಆಗಿತ್ತು. ಕೊಟ್ಟ ಮುದುಕರು ಅಷ್ಟರಲ್ಲಿ ಫ್ಲಾರಿಡಾದ ಮಗನ ಮನೆಗೆ ಹೋಗಿ, ಅಲ್ಲೇ ತೀರಿಕೊಂಡರು. 11 ಫೋಟೋಗಳು ಹೆಸರಿಲ್ಲದೆ ಉಳಿದವು. ಒಬ್ಬ ತಾಯಿ ಮೆಟ್ಟಿಲ ಮೇಲೆ ಕೂತು ಮಗುವಿನ ತಲೆ ಬಾಚುತ್ತಿದ್ದಾಳೆ. ಯಾವ ಮೆಟ್ಟಿಲು, ಯಾವ ತಾಯಿ? ಅವರ ಹೆಸರು ಕಾಗದದ ಮೇಲೆ ಇತ್ತು, ಅದು ನನ್ನ ಕೈಯಿಂದಲೇ ಹೋಯಿತು.

ಅವತ್ತಿನಿಂದ ಸಾಮಾನು ಬಂದ ಕ್ರಮವನ್ನು ಮುಟ್ಟುವ ಮುಂಚೆ ಹಾಗೇ ಫೋಟೋ ತೆಗೆಯುತ್ತೇನೆ. ಡಬ್ಬಿ ಮುಚ್ಚಿದ್ದಾಗ ಒಂದು, ತೆರೆದಾಗ ಒಂದು, ಒಂದೊಂದು ಪದರ ತೆಗೆದಾಗ ಒಂದೊಂದು. ಯಾವ ಚೀಟಿ ಯಾವ ಫೋಟೋದ ಪಕ್ಕ ಇತ್ತು ಎಂಬುದೂ ಒಂದು ಮಾಹಿತಿ. ಜನ ಅಟ್ಟದಲ್ಲಿ ಸಾಮಾನು ಇಡುವಾಗ ಸುಮ್ಮನೆ ಇಡುವುದಿಲ್ಲ. ಗಂಡನ ಪೌರತ್ವದ ಕಾಗದದ ಜೊತೆಗೆ ಸತ್ತ ಮಗುವಿನ ಕೂದಲಿನ ಎಳೆ ಇದ್ದರೆ, ಅವೆರಡನ್ನೂ ಒಟ್ಟಿಗೆ ಇಟ್ಟವರಿಗೆ ಒಂದು ಕಾರಣ ಇತ್ತು. ಫೋಟೋ ಹಿಂದಿನ ಬರಹವನ್ನು ಇದ್ದ ಹಾಗೇ ನಕಲು ಮಾಡುತ್ತೇನೆ, ಕಾಗುಣಿತದ ತಪ್ಪನ್ನೂ ತಿದ್ದುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಇಟಲಿಯ ಸಿಸಿಲಿ ದ್ವೀಪದ ಮಾತು ತಪ್ಪು ಕಾಗುಣಿತದ ಹಾಗೆ ಕಾಣಿಸುವುದು ಮಾಮೂಲು.

ದಾನಪತ್ರ ಎರಡನೆಯ ಪಾಠ. ಒಳ್ಳೆಯ ಮಾತಿನಲ್ಲಿ ಕೊಟ್ಟದ್ದಕ್ಕೆ ಕಾಗದ ಯಾಕೆ ಎಂದು ನಮ್ಮ ಕಡೆಯವರಿಗೆ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಒಂದು ದಿನ ಅರಬ್ಬಿ ಭಾಷೆಯ ಪ್ರಾರ್ಥನಾ ಪುಸ್ತಕವೊಂದನ್ನು ತಂಗಿ ತಂದುಕೊಟ್ಟರು. ಎರಡು ತಿಂಗಳಿಗೆ ಅಣ್ಣ ಬಂದು, “ಅದು ನನ್ನ ಪಾಲಿನದು, ಕೊಡೋಕೆ ಅವಳು ಯಾರು?” ಎಂದು ಕಣ್ಣೀರು ಹಾಕಿದರು. ವಾಪಸ್ ಕೊಟ್ಟೆವು, ಕೊಡುವುದೇ ಸರಿಯಾಗಿತ್ತು. ಈಗ ಸಹಿ ಹಾಕಿಸುವ ಮುಂಚೆ ಮನೆಯವರೆಲ್ಲರ ಒಪ್ಪಿಗೆ ಇದೆಯೇ ಎಂದು ಬಾಯಿಬಿಟ್ಟು ಕೇಳುತ್ತೇನೆ. ಕಾಗದದಲ್ಲಿ ಮೂರು ಸಂಗತಿ ಸ್ಪಷ್ಟವಾಗಿರಬೇಕು: ವಸ್ತು ಶಾಶ್ವತವಾಗಿ ಸಂಗ್ರಹಕ್ಕೆ ಸೇರಿತೇ, ಕೃತಿಸ್ವಾಮ್ಯವೂ ಜೊತೆಗೆ ಬಂದಿದೆಯೇ, ಮುಂದೆ ಯಾವತ್ತಾದರೂ ನಮಗೆ ಬೇಡವಾದರೆ ಯಾರಿಗೆ ಕೊಡಬೇಕು. ಫೋಟೋ ಕೈಗೆ ಬಂದ ಮಾತ್ರಕ್ಕೆ ಅದನ್ನು ಅಚ್ಚು ಹಾಕುವ ಹಕ್ಕು ಬರುವುದಿಲ್ಲ. ಅದು ತೆಗೆದವರದು.

ಇನ್ನು ಕೈಕೆಲಸ. ಉಣ್ಣೆಯ ಬಟ್ಟೆ ಬಂದರೆ ಮೊದಲು ನೇರವಾಗಿ ಒಳಗೆ ಒಯ್ಯುವುದಿಲ್ಲ. ಈ ಊರು ಉಣ್ಣೆಯ ಊರು. ವುಡ್ ಮಿಲ್ 1906ರಲ್ಲಿ ಕಟ್ಟಿದಾಗ ಅಂಥ ದೊಡ್ಡ ಉಣ್ಣೆ ಮಿಲ್ಲು ಬೇರೆ ಇರಲಿಲ್ಲ ಎನ್ನುತ್ತಾರೆ. ಹಾಗಾಗಿ ಶಾಲು, ಕೋಟು, ಮಾದರಿ ತುಂಡುಗಳು ಬರುತ್ತಲೇ ಇರುತ್ತವೆ, ಜೊತೆಗೆ ಬಟ್ಟೆ ತಿನ್ನುವ ಹುಳದ ಮೊಟ್ಟೆಗಳೂ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಡೀಪ್ ಫ್ರೀಜರ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡುತ್ತೇವೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆ ಮಾತ್ರ ಬೇಡವೇ ಬೇಡ. ಆ ವಾಸನೆ ಬಟ್ಟೆಯಿಂದ ಹೋಗುವುದಿಲ್ಲ, ಮುಟ್ಟುವವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಆಮೇಲೆ ಮಡಿಕೆಗಳ ನಡುವೆ ಆಮ್ಲವಿಲ್ಲದ ತೆಳುಕಾಗದದ ಸುರುಳಿ ಇಟ್ಟು, ಮಡಿಕೆ ಗೆರೆ ಬೀಳದ ಹಾಗೆ ಪೆಟ್ಟಿಗೆಗೆ ಹಾಕುವುದು. ಇದರಲ್ಲೊಂದು ಸೂಕ್ಷ್ಮವಿದೆ. ಕ್ಷಾರ ಸೇರಿಸಿದ ಕಾಗದ ಹತ್ತಿಗೆ ಸರಿ, ಉಣ್ಣೆಗೂ ರೇಷ್ಮೆಗೂ ಅಲ್ಲ. ಅಂಗಡಿಯವರು ಎರಡನ್ನೂ ‘ಆಮ್ಲರಹಿತ’ ಎಂದೇ ಮಾರುತ್ತಾರೆ, ನೋಡಿ ಕೊಳ್ಳಬೇಕು.

ಸಂಖ್ಯೆ ಹಾಕುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಮರ, ಲೋಹದ ವಸ್ತುವಾದರೆ ಕಣ್ಣಿಗೆ ಬೀಳದ ಜಾಗದಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ಅಂಟಿನ ಒಂದು ತೆಳು ಲೇಪ, ಅದರ ಮೇಲೆ ಇಂಕಿನಲ್ಲಿ ಸಂಖ್ಯೆ, ಮತ್ತೆ ಒಂದು ಲೇಪ. ಬೇಕಾದಾಗ ಅಸಿಟೋನಿನಿಂದ ತೆಗೆಯಬಹುದು, ವಸ್ತುವಿಗೆ ಕಲೆ ಆಗುವುದಿಲ್ಲ. ಬಟ್ಟೆಗೆ ಹತ್ತಿಯ ಪಟ್ಟಿಯ ಮೇಲೆ ಬರೆದು ನಾಲ್ಕು ಹೊಲಿಗೆ ಹಾಕುವುದು. ಫೋಟೋ, ಕಾಗದಕ್ಕೆ ಮೆತ್ತನೆಯ ಪೆನ್ಸಿಲ್ಲೇ ಗತಿ. ಬಾಲ್‌ಪೆನ್ ಮೇಜಿನ ಹತ್ತಿರವೂ ಬರಕೂಡದು. ಕಾಗದಕ್ಕೆ ತೊಳೆದು ಒಣಗಿಸಿದ ಬರಿಗೈ ಸಾಕು. ಬಿಳಿ ಹತ್ತಿಯ ಕೈಗವಸು ಹಾಕಿದರೆ ಬೆರಳಿಗೆ ಕಾಗದದ ಅಂಚು ತಿಳಿಯದೆ ಹರಿದುಹೋಗುವುದೇ ಹೆಚ್ಚು. ಫೋಟೋಗೂ ಲೋಹಕ್ಕೂ ನೈಟ್ರೈಲ್ ಎಂಬ ರಬ್ಬರಿನ ಕೈಗವಸು ಹಾಕುತ್ತೇನೆ.

1970ರ ದಶಕದ ಆಲ್ಬಮ್ಮುಗಳು ನನಗೆ ಅತಿ ಹೆಚ್ಚು ಕಣ್ಣೀರು ಹಾಕಿಸಿದವು. ಅಂಟು ಗೆರೆಗಳಿರುವ ದಪ್ಪ ಹಾಳೆ, ಮೇಲೊಂದು ಪ್ಲಾಸ್ಟಿಕ್ ಪೊರೆ. ಡೊಮಿನಿಕನ್, ಪೋರ್ಟೊ ರಿಕೊ ಕುಟುಂಬಗಳ ಮೊದಲ ದಿನಗಳ ಫೋಟೋಗಳೆಲ್ಲ ಇವುಗಳಲ್ಲೇ ಇವೆ. ಆ ಅಂಟು ಹಳದಿಯಾಗಿ ಫೋಟೋವನ್ನು ಕಚ್ಚಿಕೊಂಡಿರುತ್ತದೆ. ಹಲ್ಲುಜ್ಜಿದ ಮೇಲೆ ಸಂದಿಗೆ ಬಳಸುವ ದಾರವನ್ನು, ಮೇಣ ಹಚ್ಚದ್ದು, ಫೋಟೋದ ಕೆಳಗೆ ತೂರಿಸಿ ಗರಗಸದ ಹಾಗೆ ನಿಧಾನ ಆಡಿಸಿದರೆ ಕೆಲವು ಬಿಡುತ್ತವೆ. ಬಿಡದಿದ್ದರೆ ಬಲವಂತ ಮಾಡದೆ ಪುಟವನ್ನು ಹಾಗೇ ಸ್ಕ್ಯಾನ್ ಮಾಡುತ್ತೇನೆ, 600 ಡಿಪಿಐ, ಅಂದರೆ ಅಂಗುಲಕ್ಕೆ 600 ಚುಕ್ಕಿ. ನೆಗೆಟಿವ್ ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಅದನ್ನು ಅವತ್ತೇ ಬೇರೆ ಮಾಡಬೇಕು, ಇಲ್ಲದಿದ್ದರೆ ಪಕ್ಕದ್ದಕ್ಕೂ ಹತ್ತುತ್ತದೆ.

ಬೇಡ ಎನ್ನುವುದು ಈ ಎಲ್ಲಕ್ಕಿಂತ ಕಷ್ಟದ ಕೆಲಸ. ಹೊಲಿಗೆ ಯಂತ್ರ, ವಿಶ್ವಕೋಶದ ಸಂಪುಟಗಳು, ಹಳೆ ಪತ್ರಿಕೆಯ ಕಟ್ಟುಗಳು ಬರುತ್ತಲೇ ಇರುತ್ತವೆ. ಜಾಗ ಇರುವುದು ನಾಲ್ಕು ಕಪಾಟಿನಷ್ಟು. ಎಲ್ಲವನ್ನೂ ತೆಗೆದುಕೊಂಡ ಸಂಗ್ರಹ ಹತ್ತು ವರ್ಷದಲ್ಲಿ ಗೋದಾಮಾಗುತ್ತದೆ, ಆಮೇಲೆ ಯಾರಿಗೂ ಏನೂ ಸಿಗುವುದಿಲ್ಲ. ಆದರೆ ಅಮ್ಮನ ಹೊಲಿಗೆ ಯಂತ್ರವನ್ನು ಮೂರನೆಯ ಮಹಡಿಯಿಂದ ಹೊತ್ತು ತಂದ ಮಗನಿಗೆ ಬೇಡ ಎನ್ನುವುದು ಹೇಗೆ? ನಾನು ಕಂಡುಕೊಂಡ ದಾರಿ ಇದು: ಯಂತ್ರವನ್ನು ನಾಲ್ಕು ಕಡೆಯಿಂದ ಫೋಟೋ ತೆಗೆದು, ಅದರ ಮುಂದೆ ಅವರನ್ನು ಕೂರಿಸಿ ಅಮ್ಮನ ವಿಷಯ ಧ್ವನಿಮುದ್ರಣ ಮಾಡಿಕೊಳ್ಳುತ್ತೇನೆ. ಯಂತ್ರ ಮೊಮ್ಮಗಳ ಮನೆಗೆ ವಾಪಸ್ ಹೋಗುತ್ತದೆ, ಮಾತು ನಮ್ಮಲ್ಲಿ ಉಳಿಯುತ್ತದೆ. ಇಲ್ಲಿಯವರೆಗೆ ಒಬ್ಬರೂ ಬೇಸರ ಮಾಡಿಕೊಂಡು ಹೋಗಿಲ್ಲ.

ಮಾತಿಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಇಲ್ಲಿನ ಮಿಲ್ಲಿನಲ್ಲಿ ದುಡಿದ ಹುಡುಗಿ ಕ್ಯಾಮೆಲ್ಲಾ ಟಿಯೋಲಿ ಕಾರಣ. 1912ರ ಜನವರಿಯಲ್ಲಿ ಹೆಂಗಸರ, ಮಕ್ಕಳ ದುಡಿಮೆಯನ್ನು ವಾರಕ್ಕೆ 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಬಂತು. ಮಿಲ್ಲುಗಳು ಸಂಬಳವನ್ನೂ ಇಳಿಸಿದವು. ವಾರಕ್ಕೆ ಸುಮಾರು 32 ಸೆಂಟು, ಅಂದಿನ ಲೆಕ್ಕದಲ್ಲಿ ಹಲವು ರೊಟ್ಟಿಯ ಬೆಲೆ. ಎವರೆಟ್ ಮಿಲ್ಲಿನ ಪೋಲಿಷ್ ಹೆಂಗಸರು ಮಗ್ಗ ನಿಲ್ಲಿಸಿ ಹೊರಗೆ ಬಂದರು, ಕೆಲವೇ ದಿನಗಳಲ್ಲಿ 20 ಸಾವಿರಕ್ಕೂ ಹೆಚ್ಚು ಮಂದಿ ಬೀದಿಯಲ್ಲಿದ್ದರು. ಭಾಷೆ ಇಪ್ಪತ್ತಕ್ಕೂ ಹೆಚ್ಚು, ಹಿಮ ಮಂಡಿಯುದ್ದ. ಮಾರ್ಚಿನಲ್ಲಿ ಅವರು ಗೆದ್ದರು. ಆ ತಿಂಗಳೇ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದವರಲ್ಲಿ ಹದಿಹರೆಯದ ಕ್ಯಾಮೆಲ್ಲಾ ಒಬ್ಬಳು. ನಾಲ್ಕು ಡಾಲರ್ ಕೊಟ್ಟರೆ ಕೆಲಸಕ್ಕೆ ಬೇಕಾದ ವಯಸ್ಸು 14 ತುಂಬಿದೆ ಎಂದು ಇಟಲಿಯ ಊರಿನಿಂದ ಕಾಗದ ತರಿಸಬಹುದು ಎಂದು ಅವಳಪ್ಪನಿಗೆ ಒಬ್ಬಾತ ಹೇಳಿದ್ದು, ಕೆಲಸಕ್ಕೆ ಸೇರಿದ ಮೇಲೆ ಯಂತ್ರಕ್ಕೆ ಕೂದಲು ಸಿಕ್ಕಿ ನೆತ್ತಿಯ ಚರ್ಮವೇ ಕಿತ್ತುಬಂದದ್ದು, ಏಳು ತಿಂಗಳು ಆಸ್ಪತ್ರೆಯಲ್ಲಿ ಇದ್ದದ್ದು ಎಲ್ಲವನ್ನೂ ಹೇಳಿದಳು. ಅಧ್ಯಕ್ಷರ ಹೆಂಡತಿ ಹೆಲೆನ್ ಟ್ಯಾಫ್ಟ್ ಅಲ್ಲಿ ಕೂತು ಕೇಳಿದರು. ದೇಶದ ಪತ್ರಿಕೆಗಳಲ್ಲೆಲ್ಲ ಬಂತು.

ಅದೇ ಕ್ಯಾಮೆಲ್ಲಾ ಆಮೇಲೆ ಇದೇ ಊರಿನಲ್ಲಿ ಬಾಳಿ ತೀರಿಕೊಂಡರು. 1970ರ ದಶಕದಲ್ಲಿ ಪಾಲ್ ಕವನ್ ಎಂಬ ಪತ್ರಕರ್ತ ಅವರ ಮಗಳನ್ನು ಹುಡುಕಿಕೊಂಡು ಬಂದಾಗ, ತಾಯಿ ಕಾಂಗ್ರೆಸ್ಸಿನಲ್ಲಿ ಸಾಕ್ಷಿ ಹೇಳಿದ್ದೇ ಮಗಳಿಗೆ ಗೊತ್ತಿರಲಿಲ್ಲ. ನೆತ್ತಿಯ ಬೋಳು ಕಾಣದ ಹಾಗೆ ಅಮ್ಮನ ತಲೆ ಬಾಚಿ ತುರುಬು ಕಟ್ಟುತ್ತಿದ್ದವಳು ಆ ಮಗಳೇ. ಮುಷ್ಕರ ಮಾಡಿದವರು ದೇಶದ್ರೋಹಿಗಳು, ದೇವರಿಲ್ಲದವರು ಎಂಬ ಹೆಸರು ಊರಿಗೆ ಅಂಟಿತ್ತು. ಅದರ ಭಯಕ್ಕೆ ಒಂದು ತಲೆಮಾರು ಮನೆಯೊಳಗೂ ಬಾಯಿ ಬಿಡಲಿಲ್ಲ. ಹಾಗಾಗಿ ಯಾರಾದರೂ ಬಾಚಣಿಗೆ, ತುರುಬಿನ ಪಿನ್ನು ತಂದರೆ ನಾನು ಅವಸರ ಮಾಡುವುದಿಲ್ಲ. ಕಾಫಿ ಮಾಡಿ ಕೊಟ್ಟು, ಪಕ್ಕದಲ್ಲಿ ಕೂರುತ್ತೇನೆ.

ಕೇಳಬೇಕಾದ ರೀತಿಯೂ ಒಂದಿದೆ. ‘ನಿಮ್ಮ ಅಜ್ಜ 1912ರಲ್ಲಿ ಮುಷ್ಕರದಲ್ಲಿದ್ದರೇ’ ಎಂದರೆ ‘ಗೊತ್ತಿಲ್ಲ’ ಎಂಬ ಉತ್ತರ ಬಂದು ಮಾತು ಅಲ್ಲಿಗೆ ಮುಗಿಯುತ್ತದೆ. ‘ಅಜ್ಜ ಕೆಲಸದಿಂದ ಬಂದ ಮೇಲೆ ಮೊದಲು ಏನು ಮಾಡುತ್ತಿದ್ದರು’ ಎಂದು ಕೇಳಿದರೆ ಬಾಗಿಲು ತೆರೆಯುತ್ತದೆ. ಕಿವಿ ಮಂದವಾಗಿದ್ದು, ಊಟದ ಮೇಜಿನಲ್ಲಿ ಕೂಗಿ ಮಾತಾಡುತ್ತಿದ್ದುದು, ಕೈಯಿಂದ ಎಣ್ಣೆ ವಾಸನೆ ಹೋಗದೆ ಇದ್ದುದು, ಏಯರ್ ಮಿಲ್ಲಿನ ಗೋಪುರದ ಗಡಿಯಾರ ನೋಡಿ ಮಕ್ಕಳು ಶಾಲೆಗೆ ಓಡುತ್ತಿದ್ದುದು. ಇವೆಲ್ಲ ನನ್ನ ಮನೆಯ ಮಾತುಗಳೇ. ದಾವಣಗೆರೆಯಲ್ಲಿ ಅಪ್ಪನಿಗೂ ಕಿವಿ ಮಂದ. ಫೋನಿನಲ್ಲಿ ಲಾಳಿಯ ವಿಷಯ ಹೇಳಿದರೆ ಅವರು, “ಆ ಹಳೇದನ್ನೆಲ್ಲ ಕಟ್ಕೊಂಡು ಏನ್ ಮಾಡ್ತೀಯವ್ವ?” ಎನ್ನುತ್ತಾರೆ. ಆಮೇಲೆ ತಾವೇ ಅರ್ಧ ಗಂಟೆ ಮಿಲ್ಲಿನ ಸುದ್ದಿ ಹೇಳುತ್ತಾರೆ. ಅದನ್ನೂ ಬರೆದುಕೊಳ್ಳುತ್ತಿದ್ದೇನೆ.

‘ನಮ್ಮದು ಇನ್ನೂ ಇತಿಹಾಸ ಆಗಿಲ್ಲ’ ಎನ್ನುವವರನ್ನು ಒಪ್ಪಿಸುವುದು ಇನ್ನೂ ಕಷ್ಟ. ಡೊಮಿನಿಕನ್ ಅಂಗಡಿಯ ಯಜಮಾನರೊಬ್ಬರ ಹಿಂದೆ ಎರಡು ವರ್ಷ ಬಿದ್ದ ಮೇಲೆ, ಅವರು ತಮ್ಮ ಮೊದಲ ಅಂಗಡಿಯ ಸಾಲದ ಪುಸ್ತಕ ಕೊಟ್ಟರು. ಮೊದಲ ಪುಟದಲ್ಲಿ ಅಕ್ಕಿ, ಬಾಳೆಕಾಯಿ, ಫೋನ್ ಕಾರ್ಡು. ಯಾರು ಯಾವ ವಾರ ದುಡ್ಡು ಕೊಡಲಿಲ್ಲ ಎಂಬುದನ್ನು ನೋಡಿದರೆ ಯಾವ ಕಾರ್ಖಾನೆ ಯಾವಾಗ ಜನರನ್ನು ಮನೆಗೆ ಕಳಿಸಿತು ಎಂದು ಊಹಿಸಬಹುದು. ಸಾಲಗಾರರ ಹೆಸರುಗಳು ಇರುವುದರಿಂದ ಆ ಪುಸ್ತಕವನ್ನು ಇನ್ನೂ ಹಲವು ವರ್ಷ ಯಾರಿಗೂ ತೆರೆದು ತೋರಿಸುವುದಿಲ್ಲ ಎಂದು ದಾನಪತ್ರದಲ್ಲೇ ಬರೆದಿದ್ದೇವೆ.

2018ರ ಸೆಪ್ಟೆಂಬರ್ 13ರಂದು ಇಲ್ಲಿ ಅಡುಗೆ ಅನಿಲದ ಕೊಳವೆಗಳಲ್ಲಿ ಒತ್ತಡ ಏರಿ ಲಾರೆನ್ಸ್, ಆಂಡೋವರ್, ನಾರ್ತ್ ಆಂಡೋವರ್ ಮೂರೂ ಊರುಗಳಲ್ಲಿ ಮನೆಗಳು ಹೊತ್ತಿ ಉರಿದವು. ಹದಿನೆಂಟರ ಹುಡುಗನೊಬ್ಬ ತೀರಿಕೊಂಡ. ಚಳಿಗಾಲದ ಹೊಸ್ತಿಲಲ್ಲಿ ಸಾವಿರಾರು ಮನೆಗಳಿಗೆ ಒಲೆಯಿಲ್ಲ, ಬಿಸಿನೀರಿಲ್ಲ. ಜನರಿಗೆ ಕರೆಂಟಿನ ಪುಟ್ಟ ಒಲೆಗಳನ್ನು ಹಂಚಿದರು. ಅಂಥ ಒಂದು ಒಲೆಯನ್ನು ಮರುವರ್ಷ ಒಬ್ಬ ತಾಯಿ ತಂದು, “ಇದನ್ನು ತಗೊಳ್ತೀರಾ, ಎಸೆಯಲಾ?” ಎಂದರು. ಸುರುಳಿಯ ಮೇಲೆ ಉಕ್ಕಿ ಸುಟ್ಟ ಹಾಲಿನ ಕಲೆ ಇತ್ತು. ಜೊತೆಗಿದ್ದ ಸ್ವಯಂಸೇವಕ ಒದ್ದೆ ಬಟ್ಟೆ ತಂದ. ಒರೆಸಬೇಡ ಎಂದೆ. ಐದು ಜನರ ಮನೆಗೆ ಎರಡು ತಿಂಗಳಿಗೂ ಹೆಚ್ಚು ಅಡುಗೆ ಆದದ್ದು ಆ ಒಂದು ಒಲೆಯ ಮೇಲೆ. ಆ ಕಲೆಯನ್ನೂ ವಿವರದ ಹಾಳೆಯಲ್ಲಿ ದಾಖಲು ಮಾಡಿದೆ, ಯಾವ ಜಾಗ, ಎಷ್ಟು ಅಗಲ ಎಂದು.

ಪ್ರತಿವರ್ಷ ಸೆಪ್ಟೆಂಬರಿನ ಮೊದಲ ಸೋಮವಾರ, ಕಾರ್ಮಿಕರ ದಿನದಂದು, ಕ್ಯಾಂಪನ್ಯೋನ್ ಕಾಮನ್ ಮೈದಾನದಲ್ಲಿ 1912ರ ಮುಷ್ಕರದ ನೆನಪಿಗೆ ಹಬ್ಬ ನಡೆಯುತ್ತದೆ. ನಾನೊಂದು ಮಡಚುವ ಮೇಜು ಹಾಕಿ, ಹೆಸರು ಕಳೆದುಕೊಂಡ ಆ 11 ಫೋಟೋಗಳ ದೊಡ್ಡ ಪ್ರತಿಗಳನ್ನು ಜೋಡಿಸಿ ಕೂರುತ್ತೇನೆ. ಎದುರಿಗೆ ಪೆನ್ಸಿಲ್ಲು, ಚೀಟಿ. ಮೊದಲ ವರ್ಷ ಒಂದೂ ಗುರುತಾಗಲಿಲ್ಲ. ಆಮೇಲೆ ಒಂದು ಬ್ಯಾಂಡಿನ ಸಮವಸ್ತ್ರದಿಂದ, ಇನ್ನೊಂದು ಚರ್ಚಿನ ಬಾಗಿಲಿನಿಂದ, ಮತ್ತೊಂದು ಅಂಗಡಿಯ ಫಲಕದ ಅರ್ಧ ಅಕ್ಷರದಿಂದ ಹೀಗೆ ಮೂರು ಪತ್ತೆಯಾದವು. ಹೋದ ಸಲ ಊರುಗೋಲು ಹಿಡಿದ ಮುದುಕಿಯೊಬ್ಬರು ತಲೆ ಬಾಚುವ ತಾಯಿಯ ಫೋಟೋದ ಮುಂದೆ ಬಹಳ ಹೊತ್ತು ನಿಂತರು. ತಾಯಿಯನ್ನು ಅವರು ನೋಡಲೇ ಇಲ್ಲ, ಮೆಟ್ಟಿಲ ಕಟಕಟೆಯನ್ನೇ ನೋಡಿದರು. ಮೂರನೆಯ ಕಂಬ ಬೇರೆ ಥರ ಇದೆ, ಮುರಿದ ಮೇಲೆ ನಮ್ಮಪ್ಪ ಕೈಯಲ್ಲೇ ಕೆತ್ತಿ ಹಾಕಿದ್ದು ಎಂದರು. ಬೀದಿಯ ಹೆಸರು ಹೇಳಿದರು, ಮನೆ ಸಂಖ್ಯೆ ಹೇಳಿದರು, ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಆ ತಾಯಿಯ ಹೆಸರನ್ನೂ ಹೇಳಿದರು. ಬರೆದುಕೊಂಡು ಅವರಿಗೇ ಓದಿ ಹೇಳಿದೆ. ಒಂದು ಅಕ್ಷರ ತಿದ್ದಿಸಿದರು.

ಇನ್ನು ಏಳು ಉಳಿದಿವೆ.